ಬಸವಂತಪ್ಪನವರ ದ್ವೀಪ ಮತ್ತು ಎಂಬತ್ತೆಂಟು ಕಣ್ಣುಗಳು

ನಿಧಿಯ ರಕ್ತದಲ್ಲಿ ಸೀಸ ಇದೆ ಎಂದು ಡಾಕ್ಟರು ಫೋನ್ ಮಾಡಿದಾಗ ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಅದು ೨೦೨೩ರ ಸೆಪ್ಟೆಂಬರ್. ನನ್ನ ಮಗಳಿಗೆ ಎರಡು ವರ್ಷ ತುಂಬಿ ಮೂರು ವಾರವಾಗಿತ್ತು. ಮೇರಿಲ್ಯಾಂಡಿನಲ್ಲಿ ಮಕ್ಕಳಿಗೆ ಒಂದು ವರ್ಷವಾದಾಗ ಒಮ್ಮೆ, ಎರಡಾದಾಗ ಒಮ್ಮೆ ಈ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಮೊದಲ ವರ್ಷ ಏನೂ ಇರಲಿಲ್ಲ. ಈ ಸಲವೂ ಇರುವುದಿಲ್ಲವೆಂದು ನಾನು ಅದನ್ನು ಮರೆತೇಬಿಟ್ಟಿದ್ದೆ.

ಸೀಸದ ಅಳತೆ ಮೂರೂವರೆ ದಾಟಿದರೆ ನಾವು ವಿಚಾರಿಸುತ್ತೇವೆ, ನಿಮ್ಮ ಮಗಳದು ಮೂವತ್ತೊಂದು ಬಂದಿದೆ ಎಂದರು ಡಾಕ್ಟರು. ಸೀಸ ಮಕ್ಕಳ ಮೆದುಳಿಗೆ ಹೋಗುತ್ತದೆ, ಹೋದರೆ ಅಲ್ಲಿಂದ ವಾಪಸ್ಸು ತೆಗೆಯಲು ಬರುವುದಿಲ್ಲ ಎಂದೂ ಹೇಳಿದರು. ಸಾಸಿವೆ ಕರಕಲಾಗಿ ಮನೆ ತುಂಬ ಹೊಗೆಯಾದರೂ ನಾನು ಸೌಟು ಹಿಡಿದುಕೊಂಡು ನಿಂತೇ ಇದ್ದೆ. ನಿಧಿ ಸೋಫಾ ಮೇಲೆ ಕೂತು ಹೊಗೆ ನೋಡಿ ಚಪ್ಪಾಳೆ ತಟ್ಟುತ್ತಿದ್ದಳು.

ನಾನು ಬರೆಯಲು ಕೂತಿರುವುದು ಬಸವಂತಪ್ಪನವರ ಬಗ್ಗೆ. ಹುಟ್ಟೂರು, ಓದು, ಮದುವೆ ಎಂದು ಸರಿಯಾದ ಕ್ರಮದಲ್ಲಿ ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹರಿದು ಹಾಕಿದೆ. ಆ ಮನುಷ್ಯನನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ಆ ಸುಟ್ಟ ಸಾಸಿವೆಯ ವಾಸನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದ್ದೇನೆ, ಓದುವವರು ಸಹಿಸಿಕೊಳ್ಳಬೇಕು.

ನಾವಿರುವುದು ಎಲಿಕಾಟ್ ಸಿಟಿಯಲ್ಲಿ. ನಮ್ಮ ಸಾಲಿನ ಟೌನ್‌ಹೌಸುಗಳ ಕೊನೆಯದರಲ್ಲಿ ಬಸವಂತಪ್ಪ, ರೇಣುಕಾದೇವಿ ದಂಪತಿ ಇದ್ದಾರೆ. ಗದಗ ಜಿಲ್ಲೆಯ ರೋಣದ ಕಡೆಯವರು. ನನ್ನ ಗಂಡ ಶರಣನ ಊರಿಗೂ ಅವರ ಊರಿಗೂ ಆರೇ ಮೈಲಿ. ನಾನು ಮೈಸೂರಿನವಳು, ಶರಣ ಮತ್ತು ಬಸವಂತಪ್ಪನವರ ಮಾತು ಶುರುವಾದರೆ ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧಕ್ಕೆ ನಗುತ್ತಿದ್ದೆ.

ನಮ್ಮ ಬಳಗದಲ್ಲಿ ಗಂಡಸರೆಲ್ಲ ಕಂಪ್ಯೂಟರಿನವರು, ಇಲ್ಲವೇ ಡಾಕ್ಟರುಗಳು. ಬಸವಂತಪ್ಪ ಒಬ್ಬರೇ ಮಣ್ಣಿನವರು. ಬಾಗಲಕೋಟೆಯಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಕಾಲುವೆ ಕೆಲಸದಲ್ಲಿ ಮಣ್ಣು ಪರೀಕ್ಷೆ ಮಾಡುತ್ತಿದ್ದವರು, ತೊಂಬತ್ತೆಂಟರಲ್ಲಿ ಅಣ್ಣ ಕರೆಸಿಕೊಂಡಾಗ ಇಲ್ಲಿಗೆ ಬಂದು ಇಲ್ಲಿಯೂ ಅದನ್ನೇ ಮಾಡಿದರು. ಇಪ್ಪತ್ತೈದು ವರ್ಷ ಅದೇ ಲ್ಯಾಬ್. ಸೇತುವೆಯ ಕೆಳಗಿನ ಮಣ್ಣು, ಆಸ್ಪತ್ರೆ ಕಟ್ಟುವ ಜಾಗದ ಮಣ್ಣು, ಎಲ್ಲವೂ ಅವರ ಅಂಗೈ ಮೇಲೆ ಹಾದು ಹೋಗಬೇಕು. ಒದ್ದೆ ಮಣ್ಣನ್ನು ಗಾಜಿನ ಮೇಲೆ ಹೊಸೆದು ಶಾವಿಗೆ ಎಳೆಯಷ್ಟು ಸಣ್ಣಗೆ ಮಾಡುವುದು, ಎಷ್ಟು ಸಣ್ಣಗಾದಾಗ ಅದು ಮುರಿಯುತ್ತದೆಂದು ನೋಡುವುದು, ಇದು ಅವರ ಮುಖ್ಯ ಪರೀಕ್ಷೆ. ಪಾರ್ಟಿಗಳಲ್ಲಿ ಯಾರಾದರೂ "ಅಂಕಲ್, ಇವತ್ತು ಎಷ್ಟು ಶಾವಿಗೆ ಹೊಸೆದ್ರಿ?" ಎಂದು ಕೆಣಕಿದರೆ ಅವರಿಗೆ ಖುಷಿಯೋ ಖುಷಿ. ಮಣ್ಣು ಕಂಡರೆ ಬೆರಳಲ್ಲಿ ತಿಕ್ಕುವರು, ಮೂಸುವರು, ಚೂರು ಹಲ್ಲಿಗೆ ಹಚ್ಚಿಕೊಂಡು ಕಡಿದು ನೋಡುವರು. ಕರಕರ ಎಂದರೆ ಮರಳು ಬೆರೆತಿದೆ, ಬೆಣ್ಣೆಯಂತಿದ್ದರೆ ಜೇಡಿ. ನನ್ನ ಹೂವಿನ ಕುಂಡದ ಮಣ್ಣನ್ನೂ ಹೀಗೆ ಬಾಯಿಗೆ ಹಾಕಿಕೊಂಡಿದ್ದನ್ನು ಕಂಡು ನಾನು ಕಿರುಚಿದ್ದೆ.

ಇವರ ಬಾಳಿನಲ್ಲಿ ಒಂದು ದ್ವೀಪ ಬಂತು. ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆಯ ಹತ್ತಿರ, ದೋಣಿಯಲ್ಲಿ ನಲವತ್ತು ನಿಮಿಷದ ದಾರಿ. ಹ್ಯಾಡಕ್ ದ್ವೀಪ ಎಂದು ಹೆಸರು. ನೀರು ತಿಂದು ತಿಂದು ಸಣ್ಣದಾಗಿದ್ದ ಅದನ್ನು, ಹಡಗಿನ ಕಾಲುವೆಯಿಂದ ತೋಡಿದ ಕೆಸರು ತುಂಬಿ ಮತ್ತೆ ಬೆಳೆಸುವ ಯೋಜನೆ. ೨೦೧೯ರಿಂದ ಬಸವಂತಪ್ಪ ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿ ಮಣ್ಣಿನ ಮಾದರಿ ತೆಗೆಯತೊಡಗಿದರು. ಮೊದಲ ದಿನ ಹೋಗಿಬಂದು ರೇಣುಕಾದೇವಿ ಆಂಟಿಗೆ ಹೇಳಿದ್ದು ಒಂದೇ ಮಾತಂತೆ: "ಅಲ್ಲೆ ಒಬ್ಬ ಮನಷ್ಯಾ ಇಲ್ಲಲೇ, ರೇಣುಕಾ!"

ಅಂದಿನಿಂದ ಮನುಷ್ಯನಿಗೆ ಆ ದ್ವೀಪದ ಹುಚ್ಚು ಹಿಡಿಯಿತು. ಹಳೆಯ ನಕಾಶೆಗಳನ್ನು ಹುಡುಕಿ ಟ್ರೇಸಿಂಗ್ ಕಾಗದದ ಮೇಲೆ ತಾವೇ ನಕಲು ಮಾಡಿದರು. ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂರಿಸಿ, ನಕಾಶೆಗಳನ್ನು ಗೋಡೆಗೆ ಅಂಟಿಸಿ, ಪಾಠ ಮಾಡುತ್ತಿದ್ದರು. ನನಗೆ ಅದು ಬಾಯಿಪಾಠವಾಗಿದೆ. ೧೮೫೦ರಲ್ಲಿ ದ್ವೀಪ ಆರುನೂರು ಎಕರೆ, ಮಾವಿನಕಾಯಿ ಹೋಳಿನ ಆಕಾರ. ೧೯೦೦ಕ್ಕೆ ಅದರ ಅರ್ಧ. ಈಗ ನಲವತ್ತು ಎಕರೆ, ಅದೂ ಮೂರು ತುಂಡು. ಅತಿ ಎತ್ತರದ ಜಾಗ ನೀರಿನಿಂದ ಏಳು ಅಡಿ, "ನನ್ನ ತಲೀ ಮ್ಯಾಲೆ ಶರಣನ ಚಪ್ಪಲಿ ಇಟ್ಟಷ್ಟು." ದಕ್ಷಿಣದಲ್ಲಿ ಮೂಲನಿವಾಸಿಗಳು ತಿಂದು ಎಸೆದ ಸಿಂಪಿಯ ಚಿಪ್ಪುಗಳ ದಿಬ್ಬ. ನಡುವೆ ಉಪ್ಪು ನೀರು ಕುಡಿದು ನಿಂತಲ್ಲೇ ಸತ್ತ ಪೈನ್ ಮರಗಳು. ಉತ್ತರಕ್ಕೆ ಒಂದು ಸಣ್ಣ ಕೊಲ್ಲಿ, ಅದರ ತಳದಲ್ಲಿ ಕಪ್ಪು ಕೆಸರು. ಮೊದಲು ಅಲ್ಲಿ ತಂಬಾಕು ಬೆಳೆದರು, ಆಮೇಲೆ ಗೋಧಿ, ಆಮೇಲೆ ಹಂದಿ ಸಾಕಿದರು. ಹನ್ನೊಂದು ಮನೆ, ಒಂದು ಶಾಲೆ, ಒಂದು ಪೋಸ್ಟಾಫೀಸು. ೧೯೨೬ರಲ್ಲಿ ಕೊನೆಯ ಸಂಸಾರ ತಮ್ಮ ಮನೆಯನ್ನೇ ದೋಣಿಯ ಮೇಲೇರಿಸಿಕೊಂಡು ಹೊರಟುಹೋಯಿತು.

"ಅಲ್ಲಿಂದ ಇಲ್ಲಿತನಕ ಯಾರೂ ಇಲ್ಲ. ಕತಿ ಮುಗೀತು" ಎಂದು ಬಸವಂತಪ್ಪ ಕೋಲು ಕೆಳಗಿಡುತ್ತಿದ್ದರು. ನಾವು ಚಪ್ಪಾಳೆ ಹೊಡೆದು ಹೋಳಿಗೆ ತಿನ್ನಲು ಮೇಲೆ ಹೋಗುತ್ತಿದ್ದೆವು.

ಈ ಪಾಠ ನಡೆಯುತ್ತಿದ್ದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ನಮ್ಮ ಮೈಸೂರು ಮನೆಯಲ್ಲಿ ಅದು ಇರಲಿಲ್ಲ. ಉತ್ತರ ಕರ್ನಾಟಕದಲ್ಲಿ ಮುಂಗಾರಿನ ಹೊತ್ತಿಗೆ ಜೇಡಿಮಣ್ಣಿನಲ್ಲಿ ಒಂದು ಜೊತೆ ಎತ್ತು ಮಾಡಿ, ಅವು ಮೇವು ತಿನ್ನಲು ಗ್ವಾದಲಿ ಮಾಡಿ, ಜೋಳದ ಕಾಳಿನ ಕಣ್ಣಿಟ್ಟು, ಪೂಜೆ ಮಾಡುತ್ತಾರೆ. ಬಸವಂತಪ್ಪನವರ ತಾಯಿ ಎತ್ತಿಗೆ ಹಾದಿಯ ಮಣ್ಣನ್ನು ಮುಟ್ಟುತ್ತಿರಲಿಲ್ಲವಂತೆ. ಯಾರೂ ತುಳಿಯದ ಮಣ್ಣೇ ಆಗಬೇಕು. ಈ ದೇಶದಲ್ಲಿ ಯಾರೂ ತುಳಿಯದ ಮಣ್ಣು ಎಲ್ಲಿ ಸಿಗಬೇಕು? ಪಾರ್ಕಿನದು ನಾಯಿ ಅಡ್ಡಾಡಿದ್ದು, ಅಂಗಡಿಯದು ಪ್ಲಾಸ್ಟಿಕ್ ಚೀಲದ್ದು. ದ್ವೀಪ ಸಿಕ್ಕಿದ ಮೇಲೆ ಅವರಿಗೆ ಸಮಸ್ಯೆಯೇ ಉಳಿಯಲಿಲ್ಲ. ಮಾದರಿಯ ಡಬ್ಬಿಗಳ ಜೊತೆ ಒಂದು ಬಕೆಟ್ ಮಣ್ಣನ್ನು ಮನೆಗೂ ತಂದರು. ಹಾಗೆ ತರುವುದು ಕೆಲಸದ ನಿಯಮಕ್ಕೆ ವಿರುದ್ಧ. ಒಂದು ಬಕೆಟ್ಟಿಗೆ ಏನಾಗುತ್ತದೆ ಎಂದುಕೊಂಡರು.

೨೦೨೦ರಲ್ಲಿ ಎಲ್ಲರೂ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದಾಗ, ಬಸವಂತಪ್ಪ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಖಾಲಿ ಮೊಸರಿನ ಡಬ್ಬಗಳಲ್ಲಿ ಮಣ್ಣು ತುಂಬಿ ಎಲ್ಲರ ಬಾಗಿಲಲ್ಲೂ ಇಟ್ಟು ಹೋದರು. ಗೂಗಲ್ ಬೇಡ, ನಾನೇ ಹೇಳಿಕೊಡುತ್ತೇನೆ ಎಂದು ಜೂಮಿನಲ್ಲಿ ಮಕ್ಕಳಿಗೆ ಕೊಂಬು ಹೊಸೆಯುವುದನ್ನು ಕಲಿಸಿದರು. ಮಕ್ಕಳಿಗೆ ಅವರು ಎತ್ತಿನಜ್ಜ ಆದರು. ಆ ವರ್ಷ ನಾನು ಅತ್ತದ್ದು ಎರಡೇ ಸಲ, ಅದರಲ್ಲೊಂದು ಆ ಮೊಸರಿನ ಡಬ್ಬ ನೋಡಿ.

ಅಂಕಲ್ಲಿಗೆ ನಾನೇ ಹೇಳಿದ್ದೆ, "ನಮ್ಮಮ್ಮ ಇದ್ದಿದ್ರೆ ಇದನ್ನ ಮಡಿ ಮಣ್ಣು ಅಂತಿದ್ರು ಅಂಕಲ್, ನೂರು ವರ್ಷದಿಂದ ಮನುಷ್ಯರೇ ಮುಟ್ಟಿಲ್ಲ ನೋಡಿ" ಎಂದು. ಆ ಮಾತು ಅವರಿಗೆ ಬಹಳ ಹಿಡಿಸಿತು. ಮುಂದಿನ ಪಾಠಗಳಲ್ಲಿ ಅದನ್ನೂ ಸೇರಿಸಿಕೊಂಡರು.

೨೦೨೩ರ ಹೊತ್ತಿಗೆ ದಕ್ಷಿಣದ ಹಳೆಯ ಮಣ್ಣೆಲ್ಲ ಹೊಸ ಕೆಸರಿನಡಿ ಮುಚ್ಚಿಹೋಗಿತ್ತು. ಆ ಜೂನ್‌ನಲ್ಲಿ ಅವರು ಮೊದಲ ಬಾರಿ ಉತ್ತರದ ಕೊಲ್ಲಿಯಿಂದ ಮಣ್ಣು ತೆಗೆದರು. ಕಪ್ಪಗೆ, ನುಣ್ಣಗೆ, ಕೊಂಬು ಹೊಸೆದರೆ ಮುರಿಯದ ಮಣ್ಣು. "ನಮ್ಮ ಎರಿಮಣ್ಣು ಇದ್ದಂಗ ಐತಿ" ಎಂದು ಎರಡು ದಿನ ಕುಣಿದರು. ಅದನ್ನು ಜರಡಿ ಹಿಡಿದಾಗ ಮೆಣಸಿನ ಕಾಳಿನಷ್ಟು ದಪ್ಪದ ಗುಂಡನೆಯ ಹರಳುಗಳು ಬಂದವು. ಕಂದು ಬಣ್ಣ, ಒಂದೇ ಅಳತೆ, ಕೈಗೆ ಭಾರ. ಗದಗದ ಕೆಂಪು ಭೂಮಿಯಲ್ಲಿ ಇಂಥ ಕಬ್ಬಿಣದ ಹರಳುಗಳನ್ನು ಅವರು ಹುಡುಗನಾಗಿದ್ದಾಗಿನಿಂದ ನೋಡಿದ್ದರು. ಆ ಸಲ ಎತ್ತುಗಳಿಗೆ ಜೋಳದ ಕಣ್ಣು ಬೇಡ, ದ್ವೀಪವೇ ಕಣ್ಣು ಕೊಟ್ಟಿದೆ ಎಂದರು. ಇಪ್ಪತ್ತೆರಡು ಮನೆಗೆ ಮನೆಗೊಂದು ಜೊತೆ ಎತ್ತು, ಜೊತೆಗೆ ನಾಲ್ಕು ಕಣ್ಣು. ತೊಳೆದು, ಒಣಗಿಸಿ, ಸಣ್ಣ ಸಣ್ಣ ಕವರಿನಲ್ಲಿ ಹಾಕಿ, ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ "ಕಣ್ಣು" ಎಂದು ಬರೆದು ಕೊಟ್ಟರು.

ನಿಧಿಯ ಕಣ್ಣುಗಳನ್ನು ನಾನೇ ಅವಳ ಕೈಗೆ ಒಂದೊಂದಾಗಿ ಎಣಿಸಿ ಕೊಟ್ಟೆ. ಅವಳಿಗೆ ನಾಲ್ಕರವರೆಗೆ ಎಣಿಸಲು ಬರುತ್ತಿತ್ತು.

ಈಗ ಸೆಪ್ಟೆಂಬರಿಗೆ ಬರುತ್ತೇನೆ. ಡಾಕ್ಟರ ಫೋನ್ ಬಂದ ಎರಡನೆಯ ದಿನ ಆರೋಗ್ಯ ಇಲಾಖೆಯಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಹೇರ್ ಡ್ರೈಯರಿನ ಹಾಗಿರುವ ಒಂದು ಯಂತ್ರ, ಅದನ್ನು ಯಾವ ವಸ್ತುವಿಗೆ ಹಿಡಿದರೂ ಸೀಸ ಇದೆಯೋ ಇಲ್ಲವೋ ಹೇಳಿಬಿಡುತ್ತದೆ. ಗೋಡೆಗೆ ಹಿಡಿದಳು, ಕಿಟಕಿಗೆ ಹಿಡಿದಳು, ಆಟಿಕೆಗಳಿಗೆ ಹಿಡಿದಳು. ಏನೂ ಇಲ್ಲ. ಆಮೇಲೆ ನನ್ನ ಅಡುಗೆಮನೆಗೆ ಬಂದು ಅರಿಶಿನ, ಖಾರದ ಪುಡಿ, ಕುಂಕುಮ, ಕಾಡಿಗೆ, ನಮ್ಮತ್ತೆ ಕೊಟ್ಟ ಹಿತ್ತಾಳೆ ತಂಬಿಗೆ ಎಲ್ಲವನ್ನೂ ಸಾಲಾಗಿ ಇಡಿಸಿದಳು. ನಮ್ಮವರ ಮನೆಗಳಲ್ಲಿ ಅರಿಶಿನದಿಂದ ಹೀಗಾಗಿರುವುದುಂಟಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಯಂತ್ರ ಒಂದಕ್ಕೂ ಕೂಗಲಿಲ್ಲ.

ಕೊನೆಗೆ ಅವಳು ದೇವರ ಮನೆಯ ಕಡೆ ತಿರುಗಿದಳು. ಅದು ಅಡುಗೆಮನೆಯ ಮೂಲೆಯಲ್ಲಿ ಕೆಳಗಿನ ಶೆಲ್ಫು, ನಿಧಿಗೂ ಕೈಗೆಟುಕುವಷ್ಟು ಎತ್ತರ. ಅಲ್ಲಿ ಆ ಎತ್ತುಗಳ ಜೋಡಿ ಇತ್ತು. ಊರಿನಲ್ಲಾದರೆ ಪೂಜೆಯಾದ ಮೇಲೆ ನೀರಿಗೆ ಬಿಡುತ್ತಾರೆ, ನಮ್ಮ ಕಾಲೊನಿಯ ಕೊಳಕ್ಕೆ ಏನನ್ನೂ ಹಾಕುವ ಹಾಗಿಲ್ಲ, ಆದ್ದರಿಂದ ಎಲ್ಲರ ಮನೆಯಲ್ಲೂ ಎತ್ತುಗಳು ಉಳಿದಿದ್ದವು. ಇದೇನೆಂದು ಅವಳು ಕೇಳಿದಳು. ನಾನು ಬೆನ್ನು ನೆಟ್ಟಗೆ ಮಾಡಿ ನಿಂತು, ಇದು ಮನುಷ್ಯರೇ ಇಲ್ಲದ ದ್ವೀಪದ ಮಣ್ಣು, ಇಡೀ ಮನೆಯಲ್ಲಿ ಇದಕ್ಕಿಂತ ಶುದ್ಧವಾದದ್ದು ಯಾವುದೂ ಇಲ್ಲ, ದಯವಿಟ್ಟು ಶೂ ಹಾಕಿಕೊಂಡು ಹತ್ತಿರ ಹೋಗಬೇಡಿ ಎಂದೆ. ಅವಳು ಪಾಪ, ಕ್ಷಮೆ ಕೇಳಿ ಹಿಂದೆ ಸರಿದಳು.

ಯಂತ್ರ ಎತ್ತಿನಿಂದ ನಾಲ್ಕು ಅಡಿ ದೂರದಲ್ಲಿತ್ತು. ಅದನ್ನು ತಡೆದವಳು ನಾನು.

ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಯಂತ್ರ ಅರಿಶಿನಕ್ಕೆ ಕೂಗಲಿಲ್ಲವೆಂದು ನಾನು ಬರೆದರೂ ಯಾರೂ ಓದಲಿಲ್ಲ, ರಾಕ್‌ವಿಲ್‌ನಿಂದ ಹರ್ನ್‌ಡನ್ ತನಕ ಎಲ್ಲರೂ ಅರಿಶಿನದ ಡಬ್ಬಿ ಕಸಕ್ಕೆ ಸುರಿದರು. ಅಂದು ಸಂಜೆ ಐದಕ್ಕೆ ಬಸವಂತಪ್ಪ ಕೆಲಸದ ಬಟ್ಟೆಯಲ್ಲೇ ನಮ್ಮ ಮನೆಗೆ ಬಂದರು. ಬೂಟು ಬಿಚ್ಚಿ, ನಿಧಿಯ ತಲೆ ಸವರಿ, "ಎಲ್ಲಿಂದ ಬಂದಿರಬೇಕವಾ ಅದು?" ಎಂದು ನನ್ನನ್ನು ಕೇಳಿದರು.

"ಗೊತ್ತಿಲ್ಲ ಅಂಕಲ್. ಮನೇಲಿ ಎಲ್ಲಾ ಚೆಕ್ ಮಾಡಾಯ್ತು. ಏನೂ ಸಿಗ್ತಿಲ್ಲ."

ನಿಧಿ ಓಡಿಹೋಗಿ ತನ್ನ ಎತ್ತುಗಳನ್ನು ತಂದು ಅಜ್ಜನ ಕೈಗೆ ಕೊಟ್ಟಳು. ಅವರು ನಗುತ್ತ ತಿರುಗಿಸಿ ನೋಡಿದರು. ಒಂದು ಎತ್ತಿಗೆ ಕಣ್ಣೇ ಇರಲಿಲ್ಲ. ಇನ್ನೊಂದಕ್ಕೆ ಒಂದೇ ಇತ್ತು.

"ಉಳದ್ವು ಎಲ್ಲಿ ಹೋದ್ವು?"

"ಬಿದ್ದೋಗಿರ್ಬೇಕು ಅಂಕಲ್, ವ್ಯಾಕ್ಯೂಮ್ ಮಾಡೋವಾಗ ಹೋಗಿರುತ್ತೆ" ಎಂದೆ. ಅವು ಇಲ್ಲದ್ದನ್ನು ನಾನು ಜುಲೈನಲ್ಲೇ ನೋಡಿದ್ದೆ.

ಅವರು ಆಗ ಏನೂ ಯೋಚಿಸಿರಲಿಲ್ಲ, ಅದು ನನಗೆ ಖಂಡಿತ ಗೊತ್ತು. ಮಣ್ಣಿನ ಮನುಷ್ಯನ ಕೈ ಸುಮ್ಮನಿರುವುದಿಲ್ಲ ಅಷ್ಟೆ. ಉಳಿದ ಒಂದು ಕಣ್ಣನ್ನು ಕಿತ್ತು ಹೆಬ್ಬೆರಳ ಉಗುರಿನಿಂದ ಗೀರಿದರು. ಕಂದು ಸಿಪ್ಪೆ ಎದ್ದು ಒಳಗೆ ಬೆಳ್ಳಿಯ ಹಾಗೆ ಫಳಕ್ಕೆಂದಿತು. ಅವರ ಮುಖದ ನಗು ಹಾಗೇ ನಿಂತುಬಿಟ್ಟಿತು. ಟೇಬಲ್ ಮೇಲಿದ್ದ ನಿಧಿಯ ಡ್ರಾಯಿಂಗ್ ಹಾಳೆ ಎಳೆದುಕೊಂಡು ಆ ಕಣ್ಣಿನಿಂದ ಒಂದು ಗೆರೆ ಎಳೆದರು. ಪೆನ್ಸಿಲಿನ ಹಾಗೆ ಬೂದು ಗೆರೆ ಮೂಡಿತು.

"ಇದು ಹರಳ ಅಲ್ಲ" ಎಂದರು. ನಂತರ ನೆಲದ ಮೇಲೆ ಕೂತುಬಿಟ್ಟರು. "ಪ್ರತಿಭಾ, ಕೂಸಿನ್ನ ಎತಗೊಂಡು ದವಾಖಾನಿಗೆ ನಡಿ. ಈಗ ನಡಿ. ಇದು ಗುಂಡವಾ. ಬಂದೂಕಿನ ಸೀಸದ ಗುಂಡು."

ನಾನು ಅವರ ಮುಖ ನೋಡುತ್ತ ನಿಂತೆ. ಬಂದೂಕಿಗೂ ನನ್ನ ದೇವರ ಮನೆಗೂ ಏನು ಸಂಬಂಧ ಎಂದು ನನಗೆ ಹೊಳೆಯಲೇ ಇಲ್ಲ. ಒಳಗಿನಿಂದ ಓಡಿಬಂದ ಶರಣ ಕಾರಿನ ಕೀ ಎತ್ತಿಕೊಂಡ.

ಎಕ್ಸ್‌ರೇಯಲ್ಲಿ ನಿಧಿಯ ಹೊಟ್ಟೆಯ ಬಲಗಡೆ ಕೆಳಗೆ ಮೂರು ಬಿಳಿ ಚುಕ್ಕೆಗಳು ಕಾಣಿಸಿದವು. ದುಂಡಗೆ, ಒಂದರ ಪಕ್ಕ ಒಂದು. ಅಪೆಂಡಿಕ್ಸಿನ ಒಳಗೆ ಹೋಗಿ ಕೂತಿವೆ, ಎರಡು ತಿಂಗಳಿಂದ ಅಲ್ಲೇ ಕರಗುತ್ತಿವೆ, ನಾಳೆ ಬೆಳಗ್ಗೆಯೇ ಆಪರೇಷನ್ ಮಾಡಿ ತೆಗೆಯಬೇಕು ಎಂದರು. ಇಷ್ಟು ಬೇಗ ಸಿಕ್ಕಿದ್ದು ಅದೃಷ್ಟ ಎಂದೂ ಅಂದರು. ನಾನು ಆ ಮೂರು ಚುಕ್ಕೆಗಳನ್ನು ಎಣಿಸಿದೆ, ಮತ್ತೆ ಎಣಿಸಿದೆ. ಅವಳಿಗೆ ಎಣಿಸಲು ಕಲಿಸಿದವಳೇ ನಾನು.

ಬಸವಂತಪ್ಪನವರು ವೇಟಿಂಗ್ ರೂಮಿನಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಅವರನ್ನು ಕಂಡದ್ದೇ ನನಗೆ ತಡೆಯಲಾಗಲಿಲ್ಲ. ಹತ್ತು ಜನರ ಎದುರು ಕೂಗಿಬಿಟ್ಟೆ.

"ಮಣ್ಣು ಟೆಸ್ಟ್ ಮಾಡೋದೇ ತಾನೇ ನಿಮ್ಮ ಕೆಲಸ ಅಂಕಲ್? ಇಪ್ಪತ್ತೈದು ವರ್ಷ ಅದನ್ನೇ ತಾನೇ ಮಾಡಿದ್ದು? ನನ್ನ ಮಗಳಿಗೆ ಕೊಡೋ ಮುಂಚೆ ಒಂದು ಸಲ ಟೆಸ್ಟ್ ಮಾಡೋಕಾಗ್ಲಿಲ್ವಾ?"

ಅವರು ತಲೆ ಎತ್ತಿ ನನ್ನನ್ನೇ ನೋಡಿ ಹೇಳಿದರು, "ಗಟ್ಟಿ ಐತೋ ಇಲ್ಲೋ ಅಂತ ನೋಡ್ತೀನವಾ ನಾನು. ಭಾರ ಹೊರ್ತೈತೋ ಇಲ್ಲೋ ನೋಡ್ತೀನಿ. ವಿಷ ಐತೇನು ಅಂತ ನನಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ." ಇಷ್ಟು ಹೇಳಿ ಹೊರಟುಹೋದರು. ಹೋದರೆ ಹೋಗಲಿ, ಈ ಜನ್ಮದಲ್ಲಿ ಇವರ ಮುಖ ನೋಡುವುದಿಲ್ಲ ಎಂದುಕೊಂಡೆ.

ಆಮೇಲಿನದು ರೇಣುಕಾದೇವಿ ಆಂಟಿ ಹೇಳಿ ನನಗೆ ಗೊತ್ತಾದದ್ದು. ಬಸವಂತಪ್ಪ ಮನೆಗೆ ಹೋದವರೇ ಬೇಸ್‌ಮೆಂಟಿಗೆ ಇಳಿದು ನಕಾಶೆಗಳನ್ನು ಹರಡಿಕೊಂಡರು. ೧೯೩೮ರ ನಕಾಶೆಯಲ್ಲಿ, ಉತ್ತರದ ಕೊಲ್ಲಿಯ ಬಾಯಲ್ಲಿ, ಒಂದು ಪುಟ್ಟ ಚೌಕ ಇತ್ತು. ಮೂಲ ನಕಾಶೆಯಿಂದ ಅದನ್ನು ಅವರೇ ನೀಟಾಗಿ ನಕಲು ಮಾಡಿದ್ದರು. ದೋಣಿ ಕಟ್ಟುವ ಕಟ್ಟೆ ಇರಬೇಕು ಎಂದುಕೊಂಡಿದ್ದರು. ಈಗ ದ್ವೀಪಕ್ಕೆ ದೋಣಿ ನಡೆಸುವ ಮುದುಕನಿಗೆ ಫೋನ್ ಮಾಡಿ ಕೇಳಿದರು. ಆತ ಒಂದೇ ನಿಮಿಷದಲ್ಲಿ ಹೇಳಿದ: ಓ ಅದಾ, ಅದು ಶ್ರೀಮಂತರ ಬೇಟೆ ಕ್ಲಬ್ಬು. ಶನಿವಾರ ಭಾನುವಾರ ಬರೋರು, ನಮ್ಮಪ್ಪನೇ ಹುಟ್ಟು ಹಾಕಿ ಕರಕೊಂಡು ಹೋಗ್ತಿದ್ದ. ಅಲ್ಲಿ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಬಾತುಕೋಳಿ ಹೊಡೆಯೋರು, ಬಾತುಕೋಳಿ ಇಲ್ಲದ ಕಾಲದಲ್ಲಿ ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯೋರು. ಇಪ್ಪತ್ತೈದು ವರ್ಷ ನಡೀತು. ಗುಂಡೆಲ್ಲ ಆ ಕೊಲ್ಲಿಗೇ ಬೀಳ್ತಿತ್ತು.

ನಾಲ್ಕು ವರ್ಷ ಬಸವಂತಪ್ಪ ಅದೇ ದೋಣಿಯಲ್ಲಿ, ಅದೇ ಮುದುಕನ ಎದುರು ಕೂತು ಹೋಗಿ ಬಂದಿದ್ದರು. ಅಷ್ಟು ನಕಾಶೆ ಹುಡುಕಿದವರು ಆತನನ್ನು ಒಂದು ಮಾತು ಕೇಳಿರಲಿಲ್ಲ. ೧೯೨೬ರ ನಂತರ ಯಾರೂ ವಾಸ ಮಾಡಲಿಲ್ಲ, ಆದ್ದರಿಂದ ಇತಿಹಾಸವೂ ಇಲ್ಲ ಎಂದುಕೊಂಡಿದ್ದರು. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು, ನಾನಂತೂ ಅದಕ್ಕೆ ಮಡಿ ಎಂಬ ಹೆಸರನ್ನೂ ಕೊಟ್ಟಿದ್ದೆ.

ಮರುದಿನ ಬೆಳಗ್ಗೆ ಏಳಕ್ಕೆ, ನಿಧಿಯನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವ ಹೊತ್ತಿಗೆ, ಅವರು ಒಂದು ಬಕೆಟ್ ಹಿಡಿದು ಮನೆ ಬಿಟ್ಟರು. ಉಳಿದ ಇಪ್ಪತ್ತೊಂದು ಮನೆ. ವಾಟ್ಸಾಪಿನಲ್ಲಿ ಒಂದು ಸಾಲು ಬರೆದರೆ ಸಾಲದೇ ಎಂದು ಆಂಟಿ ಕೇಳಿದ್ದಕ್ಕೆ, "ಮಣ್ಣು ಬಾಗಲಕ್ಕ ಹೋಗಿ ಕೊಟ್ಟೇನಿ, ಬಾಗಲಕ್ಕ ಹೋಗೇ ಇಸಗೋಬೇಕು" ಎಂದರಂತೆ. ಬೆಲ್ ಒತ್ತುವುದು, ನಾನು ಕೊಟ್ಟ ಕಣ್ಣುಗಳು ಸೀಸದ ಗುಂಡು ಎಂದು ಹೇಳುವುದು, ಎತ್ತುಗಳನ್ನು ಬಕೆಟ್ಟಿಗೆ ಹಾಕಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣು ಎಣಿಸುವುದು, ಮಗುವನ್ನು ಇವತ್ತೇ ಪರೀಕ್ಷೆ ಮಾಡಿಸಿ ಎಂದು ಕೈಮುಗಿಯುವುದು. ಕೆಲವರು ಅತ್ತರು. ಕೆಲವರು ಬೈದರು. ಹರ್ನ್‌ಡನ್ನಿನ ಒಬ್ಬರು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಫೋನಿನಲ್ಲಿ ವಿಡಿಯೊ ಮಾಡಿಕೊಂಡರು.

ಎಂಬತ್ತೆಂಟರಲ್ಲಿ ಮೂರು ನಿಧಿಯ ಹೊಟ್ಟೆಯಲ್ಲಿದ್ದವು. ಎಂಬತ್ತೈದು ಸಿಗಬೇಕಿತ್ತು. ಎರಡು ದಿನ ಸುತ್ತಿ ಎಂಬತ್ತೆರಡು ಕೂಡಿಸಿದರು. ಇನ್ನೆರಡು ಒಬ್ಬರ ವ್ಯಾಕ್ಯೂಮ್ ಚೀಲದಲ್ಲಿ ಸಿಕ್ಕಿದವು. ಕಡೆಯದೊಂದು ಸಿಗಲೇ ಇಲ್ಲ. ಅದು ರಾಕ್‌ವಿಲ್‌ನ ಈರಣ್ಣನವರ ಮನೆಯ ಎತ್ತಿನದು, ಅವರ ಮಗಳಿಗೆ ನಾಲ್ಕು ವರ್ಷ. ನಾಲ್ಕು ವರ್ಷದ ಮಕ್ಕಳಿಗೆ ಸೀಸದ ಪರೀಕ್ಷೆಯನ್ನು ಯಾರೂ ತಾವಾಗಿ ಮಾಡುವುದಿಲ್ಲ. ಈರಣ್ಣ, "ನಿಮ್ ಮಣ್ಣೂ ಬ್ಯಾಡ, ನಿಮ್ ಉಪದೇಶಾನೂ ಬ್ಯಾಡ" ಎಂದು ಬಾಗಿಲು ಹಾಕಿಕೊಂಡರು. ಬಸವಂತಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತರು. ಒಂದು ತಾಸಾಯಿತು, ಎರಡು ತಾಸಾಯಿತು. ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಕಿಟಕಿಯಿಂದ ಹೇಳಿದರೆ, ಮಾಡಿ, ಆದರೆ ಮೊದಲು ಡಾಕ್ಟರಿಗೆ ಮಾಡಿ ಎಂದರಂತೆ. ಕೊನೆಗೆ ಈರಣ್ಣನ ಹೆಂಡತಿ ಮಗುವನ್ನು ಎತ್ತಿಕೊಂಡು ಅವರನ್ನು ದಾಟಿಕೊಂಡೇ ಕಾರು ಹತ್ತಿದರು. ಆ ಮಗುವಿನದು ಹದಿನಾರು ಬಂತು.

ಉಳಿದ ಮಕ್ಕಳೆಲ್ಲ ಐದರ ಒಳಗೆ. ಬಸವಂತಪ್ಪನವರದು ಹದಿನಾಲ್ಕು. ಆ ಕೊಲ್ಲಿಯ ಮಣ್ಣನ್ನು ಹಲ್ಲಿಗೆ ಹಚ್ಚಿ ರುಚಿ ನೋಡಿದವರಲ್ಲವೇ? ಅದನ್ನು ಅವರು ಯಾರಿಗೂ ಹೇಳಲಿಲ್ಲ, ಆಂಟಿ ರಿಪೋರ್ಟಿನಲ್ಲಿ ನೋಡಿದರು.

ಮೂರನೆಯ ದಿನ ಅವರು ಆಫೀಸಿಗೆ ಹೋಗಿ, ಮಣ್ಣು ಮನೆಗೆ ತಂದದ್ದನ್ನೂ ಕೊಲ್ಲಿಯಲ್ಲಿ ಸೀಸ ಇರುವುದನ್ನೂ ಬರೆದುಕೊಟ್ಟರು. ಅಕ್ಟೋಬರಿನಲ್ಲಿ ಆ ಕೆಸರನ್ನು ಎತ್ತಿ, ಮುಂದೆ ಶಾಲೆಯ ಮಕ್ಕಳು ಹಕ್ಕಿ ನೋಡಲು ಬರಲಿದ್ದ ಜಾಗದಲ್ಲಿ ಹರಡುವುದಿತ್ತು. ಕೆಲಸ ನಿಂತಿತು. ಕೊಲ್ಲಿಗೆ ಬೇಲಿ ಬಿತ್ತು. ಬಸವಂತಪ್ಪನವರನ್ನೂ ಮನೆಗೆ ಕಳಿಸಿದರು, ನಿವೃತ್ತಿಗೆ ಎಂಟೇ ತಿಂಗಳಿತ್ತು. ಸರ್ಕಾರಿ ವರದಿಯಲ್ಲಿ ಅವರ ಹೆಸರಿಲ್ಲ, ಒಬ್ಬ ನೌಕರ ಎಂದಷ್ಟೇ ಇದೆ.

ನಾನು ಅವರ ಜೊತೆ ಮಾತು ಬಿಟ್ಟದ್ದು ಐದು ತಿಂಗಳು. ಸಿಟ್ಟು ಅವರ ಮೇಲೆ ಎಂದುಕೊಂಡಿದ್ದೆ. ನಿಧಿಯ ರಕ್ತ ಹದಿನೆಂಟಕ್ಕಿಳಿಯಿತು, ಒಂಬತ್ತಕ್ಕಿಳಿಯಿತು. ಫೆಬ್ರವರಿಯಲ್ಲಿ ಒಂದು ದಿನ ಆರೋಗ್ಯ ಇಲಾಖೆಯ ಅದೇ ಹೆಂಗಸು ಮತ್ತೆ ಬಂದಳು. ಈ ಸಲ ಅವಳು ದೇವರ ಮನೆಯ ಮುಂದೆ ತಾನಾಗಿಯೇ ಶೂ ಬಿಚ್ಚತೊಡಗಿದಾಗ ನಾನು ಬಾತ್‌ರೂಮಿಗೆ ಓಡಿ ಬಾಗಿಲು ಹಾಕಿಕೊಂಡು ಅತ್ತೆ. ಅವಳು ಹೋದ ಮೇಲೆ ಒಂದು ಡಬ್ಬ ಚಿತ್ರಾನ್ನ ತೆಗೆದುಕೊಂಡು ಸಾಲಿನ ಕೊನೆಯ ಮನೆಗೆ ಹೋದೆ. ಬಸವಂತಪ್ಪ ಬಾಗಿಲು ತೆಗೆದರು. ಅವರ ಉಗುರುಗಳು ಸ್ವಚ್ಛವಾಗಿದ್ದವು. ನಾನು ಡಬ್ಬವನ್ನು ಅವರ ಕೈಗಿಟ್ಟೆ.

೨೦೨೪ರ ಜುಲೈ ಐದು, ಮಣ್ಣೆತ್ತಿನ ಅಮಾವಾಸ್ಯೆ. ಯಾರೂ ಬರುವುದಿಲ್ಲವೆಂದು ಅವರು ಸುಮ್ಮನಿದ್ದರು. ಆಂಟಿ ಕರೆದರು, ಒಂಬತ್ತು ಮನೆಯವರು ಬಂದೆವು. ಈರಣ್ಣ ಬರಲಿಲ್ಲ, ಅವರ ಹೆಂಡತಿ ಮಗಳನ್ನು ಕರೆದುಕೊಂಡು ಬಂದರು. ಗೋಡೆಯ ಮೇಲೆ ಒಂದೇ ನಕಾಶೆ ಇತ್ತು, ೧೯೩೮ರದು. ಬಸವಂತಪ್ಪ ಪುಟ್ಟ ಚೌಕದ ಮೇಲೆ ಕೋಲಿಟ್ಟು, ಮೊದಲ ಬಾರಿ ಆ ಇಪ್ಪತ್ತೈದು ವರ್ಷದ ಪಾಠ ಮಾಡಿದರು. ಬಂದವರು ಯಾರು, ಎಲ್ಲಿ ನಿಂತು ಹೊಡೆದರು, ಎಷ್ಟು ಗುಂಡು ಬಿತ್ತು. ಈ ಸಲ ಕತೆ ಮುಗಿಯಿತು ಎನ್ನಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಂಗಡಿಯ ಜೇಡಿಮಣ್ಣಿನ ಪ್ಯಾಕೆಟ್ಟುಗಳನ್ನು ಒಡೆದರು. ಅವರು ಅದನ್ನು ಮೂಸಲಿಲ್ಲ, ಹಲ್ಲಿಗೆ ಹಚ್ಚಲಿಲ್ಲ, ಸುಮ್ಮನೆ ಹಂಚಿದರು. ಆಂಟಿ ಸ್ಟೀಲ್ ತಟ್ಟೆಯಲ್ಲಿ ಬಿಳಿ ಜೋಳದ ಕಾಳು ತಂದಿಟ್ಟರು. ನಿಧಿ ಎತ್ತಿನಜ್ಜನ ಮೊಣಕಾಲಿಗೆ ಒರಗಿಕೊಂಡು ಕೂತಳು. ಎತ್ತು ಮಾಡಿದಳು, ಅದಕ್ಕೆ ಒಂದು ಕಣ್ಣಿಟ್ಟಳು. ಎರಡನೆಯ ಕಾಳನ್ನು ತಟ್ಟೆಯಿಂದ ತೆಗೆದು ನೇರವಾಗಿ ಬಾಯಿಗೆ ಹಾಕಿಕೊಂಡಳು.

ಅದು ಜೋಳ ಎಂದು ನನಗೆ ಗೊತ್ತು, ಎಲ್ಲರಿಗೂ ಗೊತ್ತು. ಆದರೂ ಯಾರೋ ಹಿಂದಿನಿಂದ ಅಯ್ಯೋ ಎಂದರು. ಬಸವಂತಪ್ಪ ಅವಳ ಗದ್ದದ ಕೆಳಗೆ ಅಂಗೈ ಒಡ್ಡಿದರು.

"ಉಗುಳವಾ, ಉಗುಳು ನನ್ನವ್ವಾ."

ನಿಧಿ ಕಟಮ್ ಎಂದು ಕಡಿದಳು. "ಇಟ್ಸ್ ಜಸ್ಟ್ ಜೋಳ, ಅಜ್ಜಾ" ಎಂದು ನಕ್ಕು, ಇನ್ನೊಂದು ಕಾಳು ತೆಗೆದು ಅವರ ಬಾಯಿಗಿಟ್ಟಳು. "ಯೂ ಈಟ್."

ಅವರು ಅದನ್ನು ಹಲ್ಲುಗಳ ನಡುವೆ ಹಿಡಿದುಕೊಂಡರು, ಮೊದಲು ಮಣ್ಣನ್ನು ಹಿಡಿದುಕೊಳ್ಳುತ್ತಿದ್ದ ಹಾಗೆ. ಆಮೇಲೆ ಮೆಲ್ಲಗೆ ಕಡಿದರು.

"ಹೌದವಾ" ಎಂದರು, "ಜೋಳಾನ ಐತಿ."

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು, ಹೋಳಿಗೆಗೆ ಕರೆದರು, ಮಕ್ಕಳು ಮೇಲೆ ಓಡಿದರು. ನಾನು ಅಲ್ಲೇ ಕೂತು ತಟ್ಟೆಯಲ್ಲಿ ಉಳಿದ ಕಾಳುಗಳನ್ನು ಒಂದೊಂದಾಗಿ ಉಗುರಿನಿಂದ ಗೀರಿ ನೋಡಿದೆ.